ನೆಲದ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು

ಈಜು ಬಾರದ ಹೆಂಗಸೊಬ್ಬಳು ಈಜುವ ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂದರೆ ನಗುವವರು ನಗಲಿ. ಆ ಕ್ಲಬ್ಬಿನಲ್ಲಿ ಮೊದಮೊದಲು ನಗದವರೇ ಇರಲಿಲ್ಲ. ಕೊಳದ ಪಕ್ಕದ ಉದ್ದನೆಯ ಹಾಲಿನಲ್ಲಿ, ಅಂಚು ಕಿತ್ತುಹೋದ ನೀಲಿ ಚಾಪೆಗಳ ಮೇಲೆ, ಮಕ್ಕಳನ್ನು ನೀರಿಗೆ ಬಿಡುವ ಮುಂಚೆ ಮುಕ್ಕಾಲು ಗಂಟೆ ಕೂರಿಸಿ, ಏಳಿಸಿ, ನೆಗೆಸಿ, ತೆವಳಿಸಿ ಕಳಿಸುವುದು ಅವಳ ಕೆಲಸ. ಹಿಂದೆ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮಕ್ಕಳು ಅವಳಿಗೆ ನೆಲದಕ್ಕ ಎಂದು ಹೆಸರಿಟ್ಟಿದ್ದರು. ನೆಲದಕ್ಕ ನೀರಿಗೆ ಬಿದ್ದರೆ ಏನಾಗುತ್ತಾಳೆ ಎಂದು ಒಬ್ಬ ಕೇಳುವುದು, ತಳದಕ್ಕ ಆಗುತ್ತಾಳೆ ಎಂದು ಇನ್ನೊಬ್ಬ ಹೇಳುವುದು, ಇಪ್ಪತ್ತು ಮಕ್ಕಳೂ ಚಾಪೆಯ ಮೇಲೆ ಉರುಳಾಡಿ ನಗುವುದು. ಅವಳೂ ನಗುತ್ತಿದ್ದಳು. ನಗು ಮುಗಿದ ಮೇಲೆ ಎಲ್ಲರಿಗೂ ಎರಡು ಸುತ್ತು ಹೆಚ್ಚು ತೆವಳುವ ಶಿಕ್ಷೆ.

ಅವಳ ಪಾಠ ನೋಡುವುದಕ್ಕೆ ಏನೂ ಇರಲಿಲ್ಲ. ನೆಗೆದು ಇಳಿಯುವುದು, ಅಷ್ಟೇ ಒಂದು ವಾರ. ಇಳಿದಾಗ ಸದ್ದಾಗಬಾರದು, ಕೆಳಗಿನ ಮನೆಯವರು ಜಗಳಕ್ಕೆ ಬರಬಾರದು, ಮಂಡಿಗಳು ಒಂದಕ್ಕೊಂದು ಮುತ್ತು ಕೊಡಬಾರದು ಎನ್ನುತ್ತಿದ್ದಳು. ಆಮೇಲೆ ಪೊರಕೆ ಕೋಲನ್ನು ಬೆನ್ನಿಗೆ ಹಿಡಿದು, ತಲೆ, ಬೆನ್ನು, ಸೊಂಟದ ಕೆಳಭಾಗ ಮೂರೂ ಕೋಲಿಗೆ ತಾಗಿರುವಂತೆ ಬಗ್ಗಿ ಏಳುವುದು. ಮಂಡಿಯನ್ನು ನೆಲದಿಂದ ಎರಡೇ ಬೆರಳು ಎತ್ತಿಕೊಂಡು ಕರಡಿಯ ಹಾಗೆ ನಡೆಯುವುದು. ಕೊನೆಗೆ ಗೋಡೆ. ಸೊಂಟ, ಬೆನ್ನು, ತಲೆ ಗೋಡೆಗೆ ಒತ್ತಿ ನಿಲ್ಲಬೇಕು. ಎರಡೂ ಕೈ ನೇರ ಮೇಲೆತ್ತಿ ಹೆಬ್ಬೆರಳು ಗೋಡೆಗೆ ಮುಟ್ಟಿಸಬೇಕು. ನಡುವಿನ ಹಿಂದೆ ಒಂದು ಅಂಗೈ ತೂರುವಷ್ಟೇ ಜಾಗ ಇರಬೇಕು, ಮುಷ್ಟಿ ತೂರಿದರೆ ಬೆನ್ನು ಸುಳ್ಳು ಹೇಳುತ್ತಿದೆ ಎಂದು ಅರ್ಥ. ನೀರಿನೊಳಗೆ ಬಾಣದ ಹಾಗೆ ನುಗ್ಗಬೇಕಾದ ಮೈ ಮೊದಲು ಗೋಡೆಯ ಮೇಲೆ ಬಾಣವಾಗಬೇಕು ಎಂಬುದು ಅವಳ ಲೆಕ್ಕಾಚಾರ. ನೀರು ಎಲ್ಲವನ್ನೂ ಮುಚ್ಚಿಹಾಕುತ್ತದೆ, ನೆಲದ ಮುಂದೆ ಯಾರ ಆಟವೂ ನಡೆಯುವುದಿಲ್ಲ ಎಂದು ತಾಯಂದಿರಿಗೆ ಹೇಳುತ್ತಿದ್ದಳು. ನಾಲ್ಕು ತಿಂಗಳಿಗೊಮ್ಮೆ ಪ್ರತಿ ಮಗುವಿಗೂ ಒಂದು ಕಾರ್ಡು, ನಾಲ್ಕು ಪರೀಕ್ಷೆ, ಒಂದೊಂದಕ್ಕೆ ಹತ್ತು ಅಂಕ. ಆ ಕಾರ್ಡಿಲ್ಲದೆ ಕೋಚ್ ಸರ್ ಯಾವ ಮಗುವನ್ನೂ ಮೇಲಿನ ಗುಂಪಿಗೆ ಹತ್ತಿಸುವಂತಿರಲಿಲ್ಲ. ಇಡೀ ಕ್ಲಬ್ಬಿನಲ್ಲಿ ಅವಳ ಮಾತಿಗೆ ಬೆಲೆ ಇದ್ದದ್ದು ಆ ಒಂದು ಕಾರ್ಡಿನಲ್ಲಿ ಮಾತ್ರ.

ಆ ಮಕ್ಕಳಲ್ಲಿ ಒಬ್ಬಳು ರಬ್ಬರ್. ಹನ್ನೊಂದು ವರ್ಷ, ಕಡ್ಡಿಯ ಹಾಗಿದ್ದಳು. ಬೆನ್ನ ಹಿಂದೆ ಎರಡೂ ಮೊಣಕೈಗಳನ್ನು ಮುಟ್ಟಿಸುತ್ತಿದ್ದಳು, ಹೆಣೆದ ಕೈ ಬಿಚ್ಚದೆ ತಲೆಯ ಮೇಲಿಂದ ಹಿಂದಕ್ಕೆ ತಿರುಗಿಸುತ್ತಿದ್ದಳು. ಅದಕ್ಕೇ ಆ ಹೆಸರು. ಅವಳ ತಾಯಿ ಅದೇ ಕ್ಲಬ್ಬಿನ ಟವೆಲ್ ಕೋಣೆಯಲ್ಲಿ ಕೆಲಸಕ್ಕಿದ್ದಳು. ಸದಸ್ಯರು ಮೈ ಒರೆಸಿ ಎಸೆದ ಟವೆಲ್ಲುಗಳನ್ನು ಹೊರುವುದು, ಒಗೆಯುವುದು, ಒಣಗಿಸುವುದು, ಅಂಚಿಗೆ ಅಂಚು ಸೇರಿಸಿ ಮಡಚುವುದು. ಕೆಲಸದವರ ಮಕ್ಕಳಿಗೆಂದು ಕ್ಲಬ್ಬು ಒಂದು ಜಾಗ ಬಿಟ್ಟುಕೊಟ್ಟಿತ್ತು. ಒಂದು ಜಾಗ ಎಂದರೆ ಒಂದೇ. ಆ ಒಂದರ ಫೋಟೋ ಮಾತ್ರ ಸ್ವಾಗತ ಕೊಠಡಿಯ ಗೋಡೆ ತುಂಬ ಇತ್ತು. ದಾನ ಮಾಡಿದವರಿಗೆ ದಾನ ಕಣ್ಣಿಗೆ ಕಾಣುತ್ತಿರಬೇಕಲ್ಲ.

ಅನಾಹುತ ಶುರುವಾದದ್ದು ಗೋಡೆಯಿಂದ. ನಾಲ್ಕು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ರಬ್ಬರ್ ಗೋಡೆಗೆ ಒರಗಿ ಕೈ ಎತ್ತಿದಳು. ಉಳಿದ ಮಕ್ಕಳು ಮುಖ ಕೆಂಪಗೆ ಮಾಡಿಕೊಂಡು ಏದುಸಿರು ಬಿಡುವ ಕಡೆ ಇವಳ ಹೆಬ್ಬೆರಳು ಹೂವಿನ ಹಾಗೆ ಹೋಗಿ ಗೋಡೆಯನ್ನು ಮುಟ್ಟಿತು. ಟವೆಲ್ ಕೋಣೆಯ ಬಾಗಿಲಲ್ಲಿ ತಾಯಿ ನಿಂತು ನೋಡುತ್ತಿದ್ದಳು. ನೆಲದಕ್ಕನಿಗೆ ಎದೆಯುಬ್ಬಿತು. ಉಳ್ಳವರ ಮಕ್ಕಳ ನಡುವೆ ಈ ಹುಡುಗಿ ಹತ್ತು ತೆಗೆಯುವುದನ್ನು ನೋಡಲು ಅವಳಿಗೇ ಆಸೆಯಿತ್ತು. ಆ ಆಸೆಯಲ್ಲಿ ಕೈ ನೋಡಿದಳು, ಬೆನ್ನು ನೋಡಲಿಲ್ಲ. ಎಲ್ಲ ಮಕ್ಕಳ ನಡುವಿನ ಹಿಂದೆಯೂ ತೂರಿಸುವ ಅಂಗೈಯನ್ನು ಆ ಒಂದು ಮಗುವಿನ ಹಿಂದೆ ತೂರಿಸಲಿಲ್ಲ. ಹತ್ತಕ್ಕೆ ಹತ್ತು ಬರೆದು ಸಹಿ ಹಾಕಿದಳು.

ಆ ಹತ್ತನ್ನು ನಂಬಿ ಕೋಚ್ ಸರ್ ಹುಡುಗಿಯನ್ನು ಮೇಲಿನ ಗುಂಪಿಗೆ ಹಾಕಿದರು, ಅಂಗೈಗೆ ಪ್ಲಾಸ್ಟಿಕ್ ಪ್ಯಾಡಲ್ ಕಟ್ಟಿ ನೀರು ಎಳೆಸಿದರು. ಕಮಿಟಿಯವರು ಬಂದ ದಿನ ಕೊಳದ ದಂಡೆಯಲ್ಲಿ ಅವಳನ್ನು ಕೂರಿಸಿ, ಇಬ್ಬರು ದೊಡ್ಡ ಮಕ್ಕಳಿಂದ ಎರಡೂ ಕೈಗಳನ್ನು ಹಿಂದಕ್ಕೆ ಎಳೆಸಿ, ನೋಡಿ ಸರ್ ಇಂಥ ಭುಜ ಸಾವಿರಕ್ಕೊಂದು ಎಂದು ತೋರಿಸುತ್ತಿದ್ದರು. ಕಮಿಟಿಯವರು ತಲೆದೂಗುತ್ತಿದ್ದರು. ಹುಡುಗಿ ನಗುತ್ತಿದ್ದಳು. ಅಷ್ಟು ಜನ ದೊಡ್ಡವರು ಮೆಚ್ಚುವಾಗ ಯಾವ ಮಗು ನೋವು ಅಂದೀತು?

ನೋವನ್ನು ಹೇಳಿದ್ದು ನೆಲ. ಕರಡಿ ನಡಿಗೆಯಲ್ಲಿ ರಬ್ಬರ್ ಬಲಗೈಯ ಮೇಲೆ ಭಾರ ಬಿಡದೆ ಎಡಕ್ಕೆ ವಾಲುತ್ತಿರುವುದನ್ನು ಒಂದು ಬೆಳಿಗ್ಗೆ ನೆಲದಕ್ಕ ಕಂಡಳು. ಬಲ ಹೆಗಲ ಹಿಂದಿನ ಚಪ್ಪಟೆ ಎಲುಬು ಮುರಿದ ಪೆಟ್ಟಿಗೆಯ ಮುಚ್ಚಳದ ಹಾಗೆ ಎದ್ದು ನಿಂತಿತ್ತು. ಪಕ್ಕಕ್ಕೆ ಕರೆದು ಕೇಳಿದರೆ ಏನಿಲ್ಲ ಅಕ್ಕ ಎಂದಳು. ಕಂಬಿ ಹಿಡಿದು ನೇತಾಡು ಎಂದರೆ ಎರಡು ಎಣಿಸುವಷ್ಟರಲ್ಲಿ ಕೈಬಿಟ್ಟಳು. ಜಡೆ ಹೆಣೆದುಕೊಳ್ಳುವಾಗ ಒಳಗೆ ಟಕ್ಕೆಂದು ಏನೋ ಜಾರಿ ವಾಪಸು ಕೂರುತ್ತದೆ ಎಂಬುದನ್ನು, ಅಮ್ಮನಿಗೆ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡ ಮೇಲೆ ಹೇಳಿದಳು.

ಕ್ಲಬ್ಬಿಗೆ ವಾರಕ್ಕೊಂದು ದಿನ ಫಿಸಿಯೋ ಬರುತ್ತಿದ್ದ. ಅವನ ಪಟ್ಟಿಯಲ್ಲಿ ಸದಸ್ಯರ ಮಕ್ಕಳಿಗಷ್ಟೇ ಜಾಗ. ಸೆಕ್ರೆಟರಿಯ ಮಗನ ಕಾಲು ಸ್ವಲ್ಪ ಉಳುಕಿದರೆ ಅರ್ಧ ಗಂಟೆ ಉಜ್ಜುತ್ತಿದ್ದವನು ಟವೆಲ್ ಕೋಣೆಯವಳ ಮಗಳನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ಎರಡು ನಿಮಿಷ ನೋಡಿದ. ಅದೂ ನೆಲದಕ್ಕ ದಾರಿಗಡ್ಡ ನಿಂತಿದ್ದಕ್ಕೆ. ಕೀಲು ಸಡಿಲವಿದೆ, ಹಿಡಿದಿಡುವ ಸ್ನಾಯುವಿಗೆ ಬಲವಿಲ್ಲ, ಇದನ್ನು ಎಳೆದು ಎಳೆದು ಇನ್ನೂ ಸಡಿಲ ಮಾಡಿದ್ದೀರಿ ಎಂದ. ಮೂರು ತಿಂಗಳು ಎಳೆತ ಬೇಡ, ಪ್ಯಾಡಲ್ ಬೇಡ, ನೆಲದ ಮೇಲೆ ಬಲ ಕಟ್ಟಿ. ಇಲ್ಲವಾದರೆ ಮುಂದೆ ತಲೆ ಬಾಚಿಕೊಳ್ಳುವಾಗಲೂ ಭುಜ ತಪ್ಪುತ್ತದೆ ಎಂದು ಹೇಳಿ ಗಡಿಯಾರ ನೋಡಿಕೊಂಡ.

ಮೂರು ತಿಂಗಳು ಎಲ್ಲಿಂದ ತರುವುದು? ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಉಳಿದಿದ್ದು ಮೂರು ವಾರ. ಅಲ್ಲಿ ಸೇರಿದರೆ ಊಟ, ಹಾಸಿಗೆ, ಒಳ್ಳೆಯ ಶಾಲೆ, ಹದಿನೆಂಟು ತುಂಬುವವರೆಗೆ ಯೋಚನೆಯಿಲ್ಲ. ನೆಲದ ಕಾರ್ಡು ಆಗಲೇ ಆಯ್ಕೆಗಾರರಿಗೆ ಹೋಗಿತ್ತು. ಹತ್ತಕ್ಕೆ ಹತ್ತು.

ನೆಲದಕ್ಕ ಕೋಚ್ ಸರ್ ಹತ್ತಿರ ಹೋದಳು. ಅವರು ಬೋರ್ಡಿನ ಮೇಲೆ ಆ ದಿನದ ಸುತ್ತುಗಳನ್ನು ಬರೆಯುತ್ತಿದ್ದರು, ಎಂದಿನ ಹಾಗೆ ಕೆಳಗಿನ ಅರ್ಧದಲ್ಲಿ. ಎದೆಯ ಮಟ್ಟಕ್ಕಿಂತ ಮೇಲೆ ಅವರ ಬಲಗೈ ಏಳುತ್ತಿರಲಿಲ್ಲ. ತಮ್ಮ ಗುರುಗಳೂ ತಮ್ಮನ್ನು ಹೀಗೇ ಎಳೆದು ತಯಾರು ಮಾಡಿದ್ದು ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಎಳೆತಕ್ಕೂ ಬೋರ್ಡಿನ ಖಾಲಿ ಉಳಿದ ಮೇಲರ್ಧಕ್ಕೂ ಸಂಬಂಧವಿದೆ ಎಂದು ಅವರಿಗೆ ಒಮ್ಮೆಯೂ ಹೊಳೆದಂತಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ಮೈಮೇಲಾದದ್ದನ್ನೇ ವಿದ್ಯೆ ಎಂದು ನಂಬಿದವರು. ಹುಡುಗಿಯ ವಿಷಯ ಕೇಳಿ ಮೊದಲು, ನೀರಿಗೇ ಇಳಿಯದವರು ನೀರಿನ ಭುಜದ ಮಾತಾಡುತ್ತೀರಲ್ಲ ಎಂದು ನಕ್ಕರು. ಅವಳು ಬಿಡದಿದ್ದಾಗ ಚಾಕ್‌ಪೀಸು ಕೆಳಗಿಟ್ಟರು.

"ಕಾರ್ಡಲ್ಲಿ ಇರೋದು ಯಾರ ಅಕ್ಷರ ಮೇಡಂ?"

"ನನ್ನದೇ ಸರ್."

"ಮತ್ತೆ? ನೀವು ಹತ್ತು ಅಂದ್ರಿ, ನಾನು ಪ್ಯಾಡಲ್ ಕಟ್ಟಿದೆ. ಈಗ ತಪ್ಪು ಅಂದ್ರೆ ಮೊದಲು ಮನೆಗೆ ಹೋಗೋರು ಯಾರು ಅಂತ ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಮೊದಲ ಸಲ ಹೆದರಿದಳು ಕೂಡ. ಅವರು ಹೇಳಿದ್ದರಲ್ಲಿ ಬೆದರಿಕೆ ಎಷ್ಟಿತ್ತೋ ನಿಜವೂ ಅಷ್ಟೇ ಇತ್ತು.

ಮಗುವಿಗೆ ಕೊಟ್ಟ ಮಾತು ಮುರಿದು ತಾಯಿಗೆ ಹೇಳಿದಳು. ಟವೆಲ್ ಕೋಣೆಯಲ್ಲಿ ಒಣಗಿಸುವ ಯಂತ್ರದ ಬಿಸಿಗೆ ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ತಾಯಿ ಮಡಚುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ನ ಭುಜಾನೂ ನೋಯುತ್ತೆ ಅಕ್ಕ. ಹದಿನಾಲ್ಕು ವರ್ಷ ಆಯ್ತು. ಮೂರು ತಿಂಗಳು ಸುಮ್ನೆ ಕೂತ್ಕೋ ಅಂತ ನನಗ್ಯಾರೂ ಹೇಳಿಲ್ಲ."

"ನಿಮಗೂ ಹೇಳಬೇಕಿತ್ತು."

"ಬೇಕಿತ್ತು ಅನ್ನೋದನ್ನ ಮಡಚಿ ಎಲ್ಲಿಡಲಿ?" ಎಂದಳು ತಾಯಿ. "ಇನ್ನು ಮೂರು ವಾರ ಕಣ್ಣು ಮುಚ್ಕೊಂಡಿರಿ. ಅವಳು ಒಳಗೆ ಸೇರ್ಕೊಳ್ಳಲಿ. ಆಮೇಲೆ ಏನು ಬೇಕಾದ್ರೂ ಆಗಲಿ."

ಹಾಸ್ಟೆಲ್ಲಿನಲ್ಲಿ ಮೂರನೇ ತಿಂಗಳಿಗೆ ವೈದ್ಯರ ತಪಾಸಣೆ ಇರುತ್ತದೆ, ಭುಜ ತಪ್ಪಿದ ಮಕ್ಕಳನ್ನು ಅನರ್ಹ ಎಂದು ಚೀಟಿ ಬರೆದು ಮನೆಗೆ ಕಳಿಸುತ್ತಾರೆ, ಆ ಚೀಟಿ ಒಮ್ಮೆ ಬಿದ್ದರೆ ಇನ್ನೆಲ್ಲೂ ಸೇರಿಸಿಕೊಳ್ಳುವುದಿಲ್ಲ ಎಂದು ನೆಲದಕ್ಕ ಬಿಡಿಸಿ ಹೇಳಿದಳು. ಹಾಗಾದರೂ ಮೂರು ತಿಂಗಳ ಊಟ ಸಿಕ್ಕಿತಲ್ಲ ಎಂದಳು ತಾಯಿ. ಮೂರು ತಿಂಗಳು ಅವಳದೇ ಅಂತ ಒಂದು ಮಂಚ. ಹೊಟ್ಟೆ ತುಂಬಿದವರು ಭುಜದ ಬಗ್ಗೆ ಮಾತಾಡುವುದು ಎಷ್ಟು ಸುಲಭ ಎಂದು ನೆಲದಕ್ಕನಿಗೆ ತನ್ನ ಮೇಲೇ ಅಸಹ್ಯವಾಯಿತು. ಹೊರಡುವಾಗ ತಾಯಿ ತಲೆಯೆತ್ತದೆ ಇನ್ನೊಂದು ಮಾತು ಸೇರಿಸಿದಳು.

"ಹತ್ತು ಹಾಕಿ ಅಂತ ನಾನೇನು ಬಂದು ಕೇಳಿದ್ದೆನಾ?"

ಆ ಮೂರು ವಾರವೂ ನೆಲದಕ್ಕ ಬಾಯಿ ಬಿಡಲಿಲ್ಲ. ಯಾರಿಗೂ ತಿಳಿಯದಂತೆ ರಿಪೇರಿ ಮಾಡಿಬಿಡುತ್ತೇನೆ ಎಂಬ ಹುಚ್ಚು ಧೈರ್ಯ. ಉಳಿದ ಮಕ್ಕಳು ನೆಗೆಯುವಾಗ ರಬ್ಬರ್‌ಗೆ ಮೂಲೆಯಲ್ಲಿ ಬೇರೆ ಪಾಠ: ಅಂಗೈಯಿಂದ ಗೋಡೆ ತಳ್ಳು, ಹೆಗಲ ಎಲುಬು ಎದ್ದೇಳದಂತೆ ಒತ್ತಿಟ್ಟುಕೋ, ನಾಲ್ಕು ಎಣಿಸು, ಬಿಡು. ಹುಡುಗಿಗೆ ಬೇಸರ. ನೆಗೆಯಲು ಬಿಡಿ ಅಕ್ಕ, ಇದು ಮುದುಕಿಯರ ಆಟ ಎಂದು ಗೊಣಗುತ್ತಿದ್ದಳು. ನಾಲ್ಕು ದಿನಕ್ಕೆ ನೋವು ತಗ್ಗಿತು. ನೋವು ತಗ್ಗಿದ್ದೇ ತಪ್ಪಾಯಿತು. ನೀರಿನಲ್ಲಿ ಅವಳ ಕೈ ಚುರುಕಾಗಿದ್ದು ಕಂಡು ಕೋಚ್ ಸರ್ ಪ್ಯಾಡಲ್ ಕಟ್ಟಿ ಹತ್ತು ಸುತ್ತು ಹೆಚ್ಚು ಎಳೆಸಿದರು. ಐದನೇ ದಿನ ಹುಡುಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ತೋಳು ತೂರಿಸಲಾಗದೆ, ಅರ್ಧ ಹಾಕಿದ ಶರ್ಟಿನಲ್ಲಿ ತಲೆ ಮುಚ್ಚಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಬಟ್ಟೆಯೊಳಗಿನಿಂದಲೇ, ಅಮ್ಮ ಬರುವ ಮುಂಚೆ ಇದನ್ನೊಂದು ಎಳೆದು ಕೊಡಿ ಎಂದಳು. ನೆಲದಕ್ಕ ಎಳೆಯಲಿಲ್ಲ. ಕತ್ತರಿ ತಂದು ತೋಳಿನ ಹೊಲಿಗೆ ಬಿಚ್ಚಿದಳು.

ಆಯ್ಕೆಯ ದಿನ ಹಾಲಿನ ಬೆಂಚುಗಳ ತುಂಬ ತಂದೆತಾಯಂದಿರು. ಆಯ್ಕೆಗಾರ್ತಿ ನರೆಗೂದಲಿನ ಹಿರಿಯ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಮೊದಲು ನೆಲದ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ನೀರು. ಪರೀಕ್ಷೆ ಮಾಡಿಸುವುದು ನೆಲದಕ್ಕ, ಎದುರಿಗೆ ಕುರ್ಚಿ ಹಾಕಿಕೊಂಡು ಗುರುತು ಹಾಕುವುದು ಆಯ್ಕೆಗಾರ್ತಿ. ಎದುರಿಗೆ ಕೂತವರಿಗೆ ಕೈ ಕಾಣುತ್ತದೆ. ಬೆನ್ನು ಕಾಣುವುದಿಲ್ಲ.

ರಬ್ಬರ್ ಗೋಡೆಗೆ ಒರಗಿದಳು. ಹಲ್ಲು ಕಚ್ಚಿದ್ದು ತುಟಿಯ ಮೇಲೆ ಗೊತ್ತಾಗದಂತೆ ನಗು ಇಟ್ಟುಕೊಂಡಿದ್ದಳು. ಪಕ್ಕೆಲುಬು ಉಬ್ಬಿಸಿ, ನಡು ಬಿಲ್ಲಿನ ಹಾಗೆ ಬಗ್ಗಿಸಿ ಕೈಗಳನ್ನು ಮೇಲಕ್ಕೆ ಎಸೆದಳು. ಹೆಬ್ಬೆರಳು ಗೋಡೆ ಮುಟ್ಟಿತು. ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ತಾಯಿ ಕೈಯಲ್ಲಿದ್ದ ಟವೆಲ್ಲುಗಳನ್ನು ಎದೆಗೆ ಒತ್ತಿಕೊಂಡಳು. ಆಯ್ಕೆಗಾರ್ತಿಯ ಪೆನ್ನು ಕಾಗದಕ್ಕೆ ಇಳಿಯುತ್ತಿತ್ತು.

ನೆಲದಕ್ಕ ಹುಡುಗಿಯ ನಡುವಿನ ಹಿಂದೆ ಕೈ ಹಾಕಿದಳು. ಅಂಗೈಯಲ್ಲ, ಮುಷ್ಟಿ. ಅದು ಈ ಕಡೆಯಿಂದ ಆ ಕಡೆಗೆ ತೂರಿ ಬಂತು.

"ಒಂದು ನಿಮಿಷ ಮೇಡಂ. ಇದನ್ನ ನೋಡಿ ಗುರುತು ಹಾಕಿ."

ನಡುವನ್ನು ಗೋಡೆಗೆ ಒತ್ತಿ ಇನ್ನೊಮ್ಮೆ ಎತ್ತು ಎಂದು ಹುಡುಗಿಗೆ ಹೇಳಿದಳು. ಎಡಗೈ ಎದ್ದಿತು. ಬಲಗೈ ಕಿವಿಯವರೆಗೆ ಬಂದು ಅಲ್ಲೇ ನಡುಗುತ್ತಾ ನಿಂತಿತು. ಟಕ್ಕೆಂದ ಸದ್ದು ಮೊದಲ ಬೆಂಚಿನವರೆಗೂ ಕೇಳಿಸಿತು. ಹುಡುಗಿ ಭುಜ ಹಿಡಿದುಕೊಳ್ಳಲಿಲ್ಲ. ನೆಲದಕ್ಕನನ್ನು ನೋಡಿದಳು. ತನ್ನನ್ನು ಯಾರೋ ಹಿಂದಿನಿಂದ ನೂಕಿದರು, ಯಾರೆಂದು ತಿರುಗಿ ನೋಡಿದರೆ ಮನೆಯವರೇ ಎಂಬಂಥ ನೋಟ.

ಆಯ್ಕೆಗಾರ್ತಿ ಕನ್ನಡಕ ಏರಿಸಿಕೊಂಡು ಕಾರ್ಡು ತಿರುವಿದಳು.

"ಇಲ್ಲಿ ಹತ್ತಿದೆಯಲ್ಲ. ಯಾರು ಹಾಕಿದ್ದು?"

"ನಾನೇ. ಕೈ ನೋಡಿ ಹಾಕಿದೆ, ಬೆನ್ನು ನೋಡಲಿಲ್ಲ. ಆ ಹತ್ತು ನಂಬಿಕೊಂಡು ಈ ಮಗುವಿನ ಭುಜಾನ ನಾಲ್ಕು ತಿಂಗಳು ಎಳೆದ್ರು. ಮಗು ಸುಳ್ಳು ಹೇಳಿಲ್ಲ ಮೇಡಂ, ಕಾರ್ಡು ಹೇಳಿದ್ದು. ಮೂರು ತಿಂಗಳು ಕೊಡಿ. ಇವಳನ್ನ ತೆಗೆದು ಹಾಕಬೇಡಿ, ಕಾಯಿಸಿ."

ಆಯ್ಕೆಗಾರ್ತಿ ಫಾರ್ಮನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ಕಾಯಿಸಿ ಎಂದು ಬರೆಯುವುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಅರ್ಹ, ಅನರ್ಹ, ಎರಡೇ ಚೌಕ. ಅದನ್ನು ಅಚ್ಚು ಹಾಕಿಸಿದವರ ಮನೆಯ ಮಕ್ಕಳಿಗೆ ಕಾಯುವ ಪ್ರಸಂಗವೇ ಬಂದಿರಲಿಕ್ಕಿಲ್ಲ. ಅವರಿಗೆ ಪಟ್ಟಿಯಲ್ಲಿ ಹೆಸರಿರುವ ಫಿಸಿಯೋ ಇದ್ದಾನೆ, ಮುಂದಿನ ವರ್ಷವಿದೆ, ಅದರ ಮುಂದಿನ ವರ್ಷವಿದೆ. ಆಯ್ಕೆಗಾರ್ತಿ ಎರಡೂ ಚೌಕವನ್ನು ಖಾಲಿ ಬಿಟ್ಟು, ಅಂಚಿನಲ್ಲಿ ಕೈಬರಹದಲ್ಲಿ, ಗಾಯ, ಮೂರು ತಿಂಗಳ ನಂತರ ಮರುಪರೀಕ್ಷೆ ಎಂದು ಬರೆದು ಸಹಿ ಹಾಕಿದಳು. ಅಂಚಿನಲ್ಲಿ ಬರೆದಿದ್ದನ್ನು ಮೇಲಿನವರು ಓದುತ್ತಾರೋ ಇಲ್ಲವೋ ನಾನು ಹೇಳಲಾರೆ ಎಂದಳು. ಹುಡುಗಿಯನ್ನು ನೀರಿಗೆ ಕರೆಯಲಿಲ್ಲ. ಸೆಕ್ರೆಟರಿಯ ಮಗನನ್ನು ಕರೆದಳು.

ಮಧ್ಯಾಹ್ನದೊಳಗೆ ನೆಲದಕ್ಕನ ಕೈಗೆ ಕಾಗದ ಬಂತು. ಅಂಕಗಳಲ್ಲಿ ಬೇಜವಾಬ್ದಾರಿ, ನಾಳೆಯಿಂದ ಬರುವುದು ಬೇಡ. ಕಾಗದದಲ್ಲಿದ್ದದ್ದು ನಿಜ ಎಂಬುದೇ ಅವಳನ್ನು ಹೆಚ್ಚು ಚುಚ್ಚಿತು. ಅದೇ ಬೇಜವಾಬ್ದಾರಿಯ ಮೇಲೆ ನಾಲ್ಕು ತಿಂಗಳು ಪ್ರದರ್ಶನ ನಡೆಸಿದವರಿಗೆ, ಕೂತು ತಲೆದೂಗಿದವರಿಗೆ ಯಾವ ಕಾಗದವೂ ಹೋಗಲಿಲ್ಲ. ಕೋಚ್ ಸರ್ ಕೊಳದ ಆ ದಂಡೆಯಲ್ಲಿ ಸೀಟಿ ಊದುತ್ತಿದ್ದರು. ಅವಳು ದಾಟಿ ಹೋಗುವಾಗ ನೀರಿನ ಕಡೆ ತಿರುಗಿಕೊಂಡರು.

ಟವೆಲ್ ಕೋಣೆಗೆ ಹೋಗಿ ನಿಂತಳು. ತಾಯಿ ಒದ್ದೆ ಟವೆಲ್ಲುಗಳನ್ನು ಯಂತ್ರಕ್ಕೆ ತುಂಬುತ್ತಿದ್ದಳು, ಪ್ರತಿಯೊಂದನ್ನೂ ಬೇಕಾದ್ದಕ್ಕಿಂತ ಜೋರಾಗಿ ಎಸೆಯುತ್ತಾ. ಈ ಮೂರು ತಿಂಗಳು ದಿನಾ ಬೆಳಿಗ್ಗೆ ಮನೆಗೆ ಬಂದು ಮಗುವಿಗೆ ಪಾಠ ಮಾಡುತ್ತೇನೆ, ಒಂದು ಗೋಡೆ ಸಾಕು ಎಂದು ನೆಲದಕ್ಕ ಹೇಳಿದಳು. ತಾಯಿ ಯಂತ್ರದ ಬಾಗಿಲು ಮುಚ್ಚಿದಳು.

"ನಾನು ಏಳಕ್ಕೆ ಮನೆ ಬಿಡ್ತೀನಿ. ಆರಕ್ಕೆ ಬನ್ನಿ, ಬಾಗಿಲು ತೆಗೀತೀನಿ. ನನ್ನನ್ನ ಮಾತ್ರ ಮಾತಾಡಿಸಬೇಡಿ."

ಒಂದೇ ಕೋಣೆಯ ಮನೆ. ಬೆಳಿಗ್ಗೆ ಹೋದಾಗ ಖಾಲಿ ಗೋಡೆ ಎಂದು ಯಾವುದೂ ಇರಲಿಲ್ಲ, ಒಂದು ಕಡೆ ಪಾತ್ರೆಯ ಹಲಗೆ, ಒಂದು ಕಡೆ ಬಟ್ಟೆಯ ಹಗ್ಗ. ಕಪಾಟನ್ನು ಇಬ್ಬರೂ ಸೇರಿ ಒಂದು ಗೇಣು ಸರಿಸಿದರು, ತಾಯಿ ಒಂದು ತುದಿ, ಅವಳು ಇನ್ನೊಂದು ತುದಿ. ಹುಡುಗಿ ಎದ್ದು ಬಂದಳು, ಮುಖ ಬೇರೆ ಕಡೆ. ಅಂಗೈಯನ್ನು ಎದೆಯ ಮಟ್ಟಕ್ಕೆ ಗೋಡೆಗಿಡು ಎಂದರೆ ಇಟ್ಟಳು. ನೆಲದಕ್ಕ ಅವಳ ಹೆಗಲ ಹಿಂದಿನ ಎಲುಬಿನ ಮೇಲೆ ಎರಡು ಬೆರಳಿಟ್ಟಳು.

"ಮೂರು ತಿಂಗಳು ಆದ ಮೇಲೂ ಅವರು ಕರೀಲಿಲ್ಲ ಅಂದ್ರೆ?" ಎಂದು ಹುಡುಗಿ ಗೋಡೆಯನ್ನು ಕೇಳಿದಳು.

ಕರೆಯುತ್ತಾರೆ ಎನ್ನುವ ಮಾತು ನೆಲದಕ್ಕನ ಬಾಯಿಯವರೆಗೆ ಬಂತು. ನುಂಗಿದಳು.

"ಗೊತ್ತಿಲ್ಲ ಪುಟ್ಟಾ."

ತಾಯಿ ಚೀಲ ಹೆಗಲಿಗೇರಿಸಿ, ಇಬ್ಬರನ್ನೂ ದಾಟಿ ಹೊರಗೆ ಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಸಣ್ಣದಾಗುತ್ತಾ ಹೋಯಿತು. ಹುಡುಗಿ ಅಂಗೈಯಿಂದ ಗೋಡೆಯನ್ನು ತಳ್ಳಿದಳು. ಬೆರಳುಗಳ ಕೆಳಗೆ ಎಲುಬು ನಿಧಾನವಾಗಿ ಒಳಗೆ ಸರಿದದ್ದು ನೆಲದಕ್ಕನಿಗೆ ತಿಳಿಯಿತು. ಒಂದು, ಎರಡು, ಮೂರರವರೆಗೆ ನಿಂತಿತು, ನಾಲ್ಕಕ್ಕೆ ಕೈ ಜಾರಿತು.